ನಿದ್ರಿಸುವ ಯೋಧರ ಚಿತ್ರಗಾರ

ಅಫಘಾನಿಸ್ತಾನದ ಪೂರ್ವ ಭಾಗದಲ್ಲಿ, ಪಾಕಿಸ್ತಾನದ ಗಡಿಗೆ ಸಮೀಪವಾಗಿ, ಕುನಾರ್ ಪ್ರಾಂತದ ಬೆಟ್ಟಗಳ ಸಂದಿಯಲ್ಲಿ ಕೊರೆಂಗಲ್ ಎಂಬ ಕಿರಿದಾದ ಕಣಿವೆಯೊಂದಿದೆ. ದೇವದಾರು ಮರಗಳ ಕಾಡು, ಕಡಿದಾದ ಬಂಡೆಗಳು, ಇಳಿಜಾರಿಗೆ ಅಂಟಿಕೊಂಡಂತೆ ಕಟ್ಟಿದ ಕಲ್ಲು ಮಣ್ಣಿನ ಮನೆಗಳು. ಅಲ್ಲಿಯ ಒಂದು ಕೋಡಿನ ಮೇಲೆ ಮರಳಿನ ಮೂಟೆಗಳನ್ನು ಪೇರಿಸಿಕೊಂಡು ಅಮೆರಿಕದ ಸಿಪಾಯಿಗಳ ಒಂದು ಚಿಕ್ಕ ತಂಡ ಕಾವಲಿತ್ತು. ಗುಂಡಿನ ಸದ್ದಿಲ್ಲದ ಒಂದು ದಿನ, ಬಿಸಿಲಿನ ಝಳಕ್ಕೆ ಸೋತು, ಪಹರೆಯವರನ್ನುಳಿದು ಎಲ್ಲರೂ ಮಲಗಿಬಿಟ್ಟಿದ್ದರು. ಅವರ ನಡುವೆ ಎತ್ತರದ ಆಳೊಬ್ಬನು ಸದ್ದಾಗದಂತೆ ಹೆಜ್ಜೆಯಿಡುತ್ತ, ಒಬ್ಬೊಬ್ಬನ ಹಾಸಿಗೆಯ ಬಳಿಯೂ ಬಗ್ಗಿ, ಕ್ಯಾಮೆರಾದಿಂದ ಚಿತ್ರ ತೆಗೆಯುತ್ತಿದ್ದನು. ಇದೇನೆಂದು ಕೇಳಿದ ಗೆಳೆಯನಿಗೆ ಆತನು ಹೇಳಿದ ಮಾತಿನ ತಾತ್ಪರ್ಯವಿಷ್ಟು: ಎಚ್ಚರವಾಗಿದ್ದಾಗ ಇವರೆಲ್ಲ ಗಟ್ಟಿಗರಂತೆ ಕಾಣುತ್ತಾರೆ, ನಿದ್ರೆಯಲ್ಲಿ ಮಾತ್ರ ಚಿಕ್ಕ ಹುಡುಗರಂತೆ, ತಾಯಂದಿರು ಇವರನ್ನು ಹೇಗೆ ನೆನೆಯುವರೋ ಹಾಗೆ ಕಾಣುತ್ತಾರೆ.

ಮಹಾಭಾರತದ ಹದಿನೆಂಟು ದಿನಗಳ ಯುದ್ಧದಲ್ಲಿ ಎಷ್ಟೋ ಕೊಲೆಗಳು ನಡೆದವು. ಎಷ್ಟೋ ಕಪಟಗಳೂ ನಡೆದವು. ಆದರೂ ಕೇಳುವವರ ಎದೆ ಇಂದಿಗೂ ನಡುಗುವುದು, ಅಶ್ವತ್ಥಾಮನು ಇರುಳಿನಲ್ಲಿ ಪಾಳೆಯವನ್ನು ಹೊಕ್ಕು ನಿದ್ರಿಸುತ್ತಿದ್ದ ದ್ರೌಪದಿಯ ಮಕ್ಕಳನ್ನು ಕೊಂದ ಕಥೆಗೆ. ಹಗಲಿನಲ್ಲಿ ರಥವೇರಿದವನು ವೀರ. ಕಣ್ಣು ಮುಚ್ಚಿ ಮಲಗಿದವನು ಯಾರೋ ಒಬ್ಬ ತಾಯಿಯ ಮಗ. ಈ ಹಳೆಯ ತಿಳಿವನ್ನು ಹೊಸ ಕಾಲದ ಒಂದು ಯುದ್ಧದಲ್ಲಿ ಕಂಡುಕೊಂಡು, ಅದನ್ನು ಚಿತ್ರಗಳಲ್ಲಿ ಲೋಕಕ್ಕೆ ತೋರಿಸಿದವನು ಇಂಗ್ಲೆಂಡಿನ ಟಿಮ್ ಹೆದರಿಂಗ್‌ಟನ್. ಕನ್ನಡದ ಕಿವಿಗೆ ಈ ಹೆಸರಿನ ಮೊದಲಿನಲ್ಲಿಯೇ ಹೆದರಿಕೆಯಿರುವಂತೆ ಕೇಳಿಸುತ್ತದೆ. ಆತನಿಗೆ ಹೆದರಿಕೆಯಿರಲಿಲ್ಲವೆಂದು ಹೇಳುವುದು ಸುಳ್ಳಾದೀತು. ಹೆದರಿಕೆಯಿದ್ದೂ ಹೋಗಬೇಕಾದ ಕಡೆಗೆ ಹೋದವನು ಎಂದರೆ ಸರಿಯಾದೀತು.

ಅಜ್ಜಿಯ ಹಣ, ಭಾರತದ ದಾರಿ

ಹೆದರಿಂಗ್‌ಟನ್ 1970ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ವಾಯುವ್ಯದಲ್ಲಿ ಮರ್ಸಿ ನದಿಯ ಸೀಮೆಯಲ್ಲಿ ಜನಿಸಿದನು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆತನು ಓದಿದ್ದು ಇಂಗ್ಲಿಷ್ ಸಾಹಿತ್ಯ ಮತ್ತು ಪ್ರಾಚೀನ ಗ್ರೀಕ್ ಲ್ಯಾಟಿನ್ ಸಾಹಿತ್ಯ. ಹೋಮರನ ಯುದ್ಧಕಾವ್ಯವನ್ನು ಅಭ್ಯಾಸ ಮಾಡಿದ ಹುಡುಗನು ಮುಂದೆ ನಿಜವಾದ ಯುದ್ಧಗಳನ್ನು ಹುಡುಕಿಕೊಂಡು ಹೋದದ್ದು ವಿಚಿತ್ರವೆನಿಸಿದರೂ, ಆತನ ಕೆಲಸವನ್ನು ನೋಡಿದವರಿಗೆ ಆ ಓದು ವ್ಯರ್ಥವಾಗಲಿಲ್ಲವೆಂದು ತೋರದಿರದು. ಗೆದ್ದವರಾರು, ಸೋತವರಾರು ಎಂಬುದಕ್ಕಿಂತ, ಆಯುಧ ಹಿಡಿದ ಮನುಷ್ಯನ ಒಳಗೆ ಏನಾಗುತ್ತದೆ ಎಂಬುದೇ ಆತನ ಪ್ರಶ್ನೆಯಾಗಿತ್ತು.

ಪದವಿ ಮುಗಿದಾಗ ಮುಂದೇನೆಂಬುದು ಆತನಿಗೆ ತಿಳಿದಿರಲಿಲ್ಲ. ಅಷ್ಟರಲ್ಲಿ ಅಜ್ಜಿಯ ಮರಣಪತ್ರದ ಪ್ರಕಾರ ಐದು ಸಾವಿರ ಪೌಂಡು ಕೈಗೆ ಬಂದಿತು. ಮನೆಯ ಹಿರಿಯರು ಇಂಥ ಹಣವನ್ನು ಬ್ಯಾಂಕಿನಲ್ಲಿಡೆಂದು ಹೇಳುವುದು ಎಲ್ಲ ದೇಶಗಳಲ್ಲಿಯೂ ವಾಡಿಕೆ. ಈ ತರುಣನು ಅದನ್ನು ಕಟ್ಟಿಕೊಂಡು ಭಾರತಕ್ಕೆ ಹೊರಟನು. ಭಾರತ, ಚೀನ, ಟಿಬೆಟ್ ಎಂದು ಎರಡು ವರ್ಷಗಳ ಕಾಲ ಅಲೆದನು. ತಾನು ಬಾಳಿನಲ್ಲಿ ಮಾಡಬೇಕಾದುದು ಚಿತ್ರಗಳನ್ನು ತೆಗೆಯುವ ಕೆಲಸ ಎಂಬ ನಿಶ್ಚಯ ಆ ಅಲೆದಾಟದಲ್ಲಿ ಮೂಡಿತು. ಆದರೆ ನಿಶ್ಚಯವಾದೊಡನೆ ವಿದ್ಯೆ ಬಾರದು. ಊರಿಗೆ ಮರಳಿ ಮೂರು ನಾಲ್ಕು ವರ್ಷ ಹಗಲು ದುಡಿದು, ರಾತ್ರಿಶಾಲೆಯಲ್ಲಿ ಛಾಯಾಚಿತ್ರಣ ಕಲಿತನು. ಆಮೇಲೆ 1996ರಲ್ಲಿ ವೇಲ್ಸಿನ ಕಾರ್ಡಿಫ್ ನಗರದಲ್ಲಿ ಪತ್ರಿಕಾ ಛಾಯಾಗ್ರಹಣದ ಶಿಕ್ಷಣಕ್ಕೆ ಸೇರಿದನು. ಕೆಲಸಕ್ಕೆ ತೊಡಗುವಾಗ ಆತನ ವಯಸ್ಸು ಇಪ್ಪತ್ತಾರು ದಾಟಿತ್ತು.

ಮೊದಲು ದುಡಿದದ್ದು ಲಂಡನ್ನಿನ 'ಬಿಗ್ ಇಷ್ಯೂ' ಎಂಬ ಪತ್ರಿಕೆಯಲ್ಲಿ. ಮನೆಯಿಲ್ಲದ ಬಡವರು ಬೀದಿಯಲ್ಲಿ ನಿಂತು ಮಾರಿ, ಅದರ ಲಾಭದಿಂದ ಹೊಟ್ಟೆ ಹೊರೆಯುವ ಪತ್ರಿಕೆ ಅದು. ಅಲ್ಲಿಂದ ಪಶ್ಚಿಮ ಆಫ್ರಿಕದ ಕಡೆಗೆ ದಾರಿ ತೆರೆಯಿತು. ಅಂತರ್ಯುದ್ಧದಲ್ಲಿ ಬಂದೂಕು ಹಿಡಿದಿದ್ದ ಹುಡುಗರೂ ಸೇರಿದ್ದ ಲೈಬೀರಿಯದ ಒಂದು ಕಾಲ್ಚೆಂಡಿನ ತಂಡ 1999ರಲ್ಲಿ ಬ್ರಿಟನ್ನಿಗೆ ಬಂದಿತ್ತು. ಆ ತಂಡದ ಸಂಗಡ ಬೆಳೆದ ಪರಿಚಯ ಆತನನ್ನು ಅವರ ನಾಡಿಗೇ ಕರೆದೊಯ್ದಿತು. ನೆರೆಯ ಸಿಯೆರಾ ಲಿಯೋನಿನ ರಾಜಧಾನಿ ಫ್ರೀಟೌನಿನಲ್ಲಿ ಮಿಲ್ಟನ್ ಮಾರ್ಗಾಯ್ ಹೆಸರಿನ ಅಂಧರ ಶಾಲೆಯಿದೆ. ಅಲ್ಲಿ ಹುಟ್ಟುಗುರುಡರ ಜೊತೆಗೆ, ಯುದ್ಧಕಾಲದಲ್ಲಿ ಕಣ್ಣು ಕಳೆದುಕೊಂಡ ಮಕ್ಕಳೂ ಇದ್ದರು. ತಾನು ತೆಗೆದ ಚಿತ್ರವನ್ನು ಎಂದೆಂದಿಗೂ ನೋಡಲಾರದ ಆ ಮಕ್ಕಳ ಬಳಿಗೆ ಹೆದರಿಂಗ್‌ಟನ್ ಮತ್ತೆ ಮತ್ತೆ ಹೋದನು. ಚಿತ್ರ ತೆಗೆದು ಮಾಯವಾಗುವ ಜಾತಿಯ ಪತ್ರಿಕೋದ್ಯೋಗಿಯಲ್ಲ ಆತನು. ಹೋದ ಕಡೆ ತಂಗುವುದು, ಜನರ ಹೆಸರು ಹಿಡಿದು ಕರೆಯುವುದು, ವರ್ಷಗಳ ಮೇಲೆ ಮರಳಿ ಬಂದು ವಿಚಾರಿಸುವುದು ಆತನ ಪದ್ಧತಿಯಾಯಿತು.

ಒಂದು ಪ್ರಾಣವನ್ನು ಬೇಡಿದ ಗಳಿಗೆ

ಅಮೆರಿಕದಲ್ಲಿ ದಾಸ್ಯದಿಂದ ಬಿಡುಗಡೆ ಹೊಂದಿದ ಕರಿಯ ಜನರು ಸಮುದ್ರ ದಾಟಿ ಬಂದು ನೆಲಸಿ, 1847ರಲ್ಲಿ ಸ್ವತಂತ್ರ ರಾಷ್ಟ್ರವೆಂದು ಸಾರಿದ ನಾಡು ಲೈಬೀರಿಯ. ಸ್ವಾತಂತ್ರ್ಯದ ಹೆಸರನ್ನೇ ಹೊತ್ತ ಈ ನಾಡು 1989ರಿಂದ 2003ರವರೆಗೆ ಎರಡು ಅಂತರ್ಯುದ್ಧಗಳಲ್ಲಿ ಬೆಂದುಹೋಯಿತು. ಸುಮಾರು ಎರಡೂವರೆ ಲಕ್ಷ ಜನರು ಸತ್ತರೆಂದು ಅಂದಾಜು. ಹತ್ತು ಹನ್ನೆರಡು ವರ್ಷದ ಹುಡುಗರ ಕೈಗೂ ಬಂದೂಕು ಬಂದಿತು. 2003ರಲ್ಲಿ ಅಧ್ಯಕ್ಷ ಚಾರ್ಲ್ಸ್ ಟೇಲರನ ವಿರುದ್ಧ ಬಂಡಾಯಗಾರರು ರಾಜಧಾನಿ ಮನ್ರೋವಿಯದತ್ತ ನುಗ್ಗಿದಾಗ, ಅವರ ಜೊತೆಯಲ್ಲಿಯೇ ಕಾಡಿನಲ್ಲಿ ನಡೆದು, ಅವರೊಂದಿಗೆ ಉಂಡು ಮಲಗಿದ ವಿದೇಶೀ ಪತ್ರಿಕೋದ್ಯೋಗಿಗಳು ಇಬ್ಬರೇ: ಜೇಮ್ಸ್ ಬ್ರಬಜೋನ್ ಮತ್ತು ಟಿಮ್ ಹೆದರಿಂಗ್‌ಟನ್. ಇವರ ಚಿತ್ರಗಳು ಹೊರಲೋಕಕ್ಕೆ ತಲುಪುವುದನ್ನು ಸಹಿಸದ ಟೇಲರನು ಇವರಿಬ್ಬರ ತಲೆಗೂ ಬೆಲೆ ಕಟ್ಟಿದನು.

ಆ ದಿನಗಳಲ್ಲಿ ನಡೆದ ಒಂದು ಪ್ರಸಂಗ ಚಲನಚಿತ್ರದ ಪಟ್ಟಿಯ ಮೇಲೆಯೇ ಉಳಿದುಬಂದಿದೆ. ಬಂಡಾಯಗಾರರ ತಂಡದಲ್ಲಿ ಗಾಯಾಳುಗಳಿಗೆ ಮದ್ದು ಹಾಕುತ್ತಿದ್ದ ವೈದ್ಯನೊಬ್ಬನ ಮೇಲೆ ಶತ್ರುಗಳ ಗೂಢಚಾರನೆಂಬ ಆಪಾದನೆ ಬಂದಿತು. ವಿಚಾರಣೆಯೆಂಬುದಿಲ್ಲದ ಜಾಗ, ನಾಯಕನ ಕೈಯಲ್ಲಿ ಪಿಸ್ತೂಲು, ಕಣ್ಣಿನಲ್ಲಿ ಕೋಪ. ಎತ್ತರದ ಆಂಗ್ಲೇಯನು ಆ ಇಬ್ಬರ ನಡುವೆ ಬಂದು ನಿಂತನು. ಪಿಸ್ತೂಲು ಹಿಡಿದ ಕೈಯನ್ನು ಹಿಡಿದುಕೊಂಡು, ಈತನನ್ನು ಕೊಲ್ಲಬೇಡ, ಗಾಯಗೊಂಡವರನ್ನು ನೋಡಿಕೊಳ್ಳಲು ಇರುವವನು ಈತನೇ ಎಂದು ಅಂಗಲಾಚಿದನು. ನಾಯಕನ ಮನಸ್ಸು ಇಳಿಯಿತು. ವೈದ್ಯನು ಬದುಕಿದನು.

ಪತ್ರಿಕೋದ್ಯೋಗಿಯು ನೋಡಬೇಕು, ಬರೆಯಬೇಕು, ತೋರಿಸಬೇಕು. ನಡುವೆ ಬರಬಾರದು ಎಂಬುದು ಆ ವೃತ್ತಿಯ ಹಳೆಯ ನಿಯಮ. ಒಂದು ಕಡೆಯ ಪರವಾಗಿ ಕೈ ಚಾಚಿದವನ ಮಾತನ್ನು ಇನ್ನೊಂದು ಕಡೆಯವರು ನಂಬಲಾರರೆಂಬುದು ಅದರ ಕಾರಣ. ನಿಯಮ ಕೆಟ್ಟದ್ದಲ್ಲ. ಆದರೆ ಅದನ್ನು ಪಾಲಿಸುವ ದೃಢತೆಯಷ್ಟೇ, ಅದನ್ನು ಯಾವ ಗಳಿಗೆಯಲ್ಲಿ ಮುರಿಯಬೇಕೆಂಬ ವಿವೇಕವೂ ಮನುಷ್ಯನಿಗೆ ಬೇಕು. ಹೆದರಿಂಗ್‌ಟನ್ ತನ್ನನ್ನು ಬರಿಯ ಛಾಯಾಗ್ರಾಹಕನೆಂದು ಕರೆದುಕೊಳ್ಳಲು ಎಂದೂ ಹೆಚ್ಚು ಆಸೆಪಡಲಿಲ್ಲ. ಚಿತ್ರದ ಆಚೆಗೂ ತನಗೆ ಕೆಲಸವಿದೆಯೆಂದು ನಂಬಿದ್ದನು.

ಅದೇ ವರ್ಷದ ಆಗಸ್ಟ್‌ನಲ್ಲಿ ಟೇಲರನು ಅಧಿಕಾರ ಬಿಟ್ಟು ನೈಜೀರಿಯಕ್ಕೆ ಹೋದನು. ಯುದ್ಧ ನಿಂತೊಡನೆ ಹೊರದೇಶಗಳ ಕ್ಯಾಮೆರಾಗಳು ಮೂಟೆ ಕಟ್ಟಿದವು. ಹೆದರಿಂಗ್‌ಟನ್ ಮಾತ್ರ ಮನ್ರೋವಿಯದಲ್ಲಿಯೇ ಮನೆ ಮಾಡಿಕೊಂಡು ಉಳಿದನು. ಬೇಗ ಬೇಗ ನೂರಾರು ಚಿತ್ರ ತೆಗೆಯುವ ಯಂತ್ರಗಳು ಬಂದಿದ್ದ ಕಾಲದಲ್ಲಿ, ಒಂದು ಸುರುಳಿಗೆ ಹತ್ತೋ ಹನ್ನೆರಡೋ ಚಿತ್ರ ಮಾತ್ರ ಬರುವ ಹಳೆಯ ಮಾದರಿಯ ಫಿಲ್ಮ್ ಕ್ಯಾಮೆರಾವನ್ನು ಆತನು ಹೊತ್ತು ತಿರುಗುತ್ತಿದ್ದನು. ಇಷ್ಟೇ ಇದೆಯೆಂದು ತಿಳಿದವನು ನೋಡಿ ಖರ್ಚು ಮಾಡುವಂತೆ, ಆ ಕ್ಯಾಮೆರಾ ಹಿಡಿದವನು ಮೊದಲು ಮಾತನಾಡಿ, ನೋಡಿ, ಕಾದು, ಆಮೇಲೆ ಗುಂಡಿ ಒತ್ತಬೇಕು. 2006ರಲ್ಲಿ, ಲೈಬೀರಿಯದ ಮೇಲೆ ಹೇರಿದ್ದ ನಿರ್ಬಂಧಗಳ ವಿಷಯದಲ್ಲಿ ವಿಶ್ವಸಂಸ್ಥೆ ನೇಮಿಸಿದ್ದ ತನಿಖಾ ಮಂಡಲಿಯಲ್ಲಿಯೂ ಆತನು ದುಡಿದನು. ಇಷ್ಟು ವರ್ಷಗಳ ಒಡನಾಟವೆಲ್ಲ 2009ರಲ್ಲಿ ಒಂದು ಗ್ರಂಥವಾಗಿ ಹೊರಬಂದಿತು. ಅದರಲ್ಲಿ ಚಿತ್ರಗಳ ಜೊತೆಗೆ ಆ ಜನರ ಬಾಯಿಮಾತುಗಳಿಗೂ ಸ್ಥಾನವಿತ್ತು. ಟೇಲರನಿಗೆ ನೆರೆನಾಡಾದ ಸಿಯೆರಾ ಲಿಯೋನಿನಲ್ಲಿ ನಡೆದ ಘೋರ ಅಪರಾಧಗಳಿಗೆ ನೆರವಾದುದಕ್ಕಾಗಿ 2012ರಲ್ಲಿ ಅಂತಾರಾಷ್ಟ್ರೀಯ ನ್ಯಾಯಪೀಠವೊಂದು 50 ವರ್ಷಗಳ ಸೆರೆವಾಸ ವಿಧಿಸಿತು. ಅದನ್ನು ಕೇಳಲು ಹೆದರಿಂಗ್‌ಟನ್ ಉಳಿದಿರಲಿಲ್ಲ.

ಸತ್ತವನ ಹೆಸರಿನ ಠಾಣೆ

2007ರಲ್ಲಿ ಅಮೆರಿಕದ ಲೇಖಕ ಸೆಬಾಸ್ಟಿಯನ್ ಜುಂಗರನ ಜೊತೆಗೂಡಿ ಆತನು ಕೊರೆಂಗಲ್ ಕಣಿವೆಗೆ ಹೋದನು. ಜುಂಗರನು ಬರೆಯುವವನು, ಈತನು ಚಿತ್ರ ತೆಗೆಯುವವನು. ಚಲನಚಿತ್ರದ ಕ್ಯಾಮೆರಾವನ್ನು ಇಬ್ಬರೂ ಹಿಡಿದರು. ಅಮೆರಿಕದ ಸೇನೆಯ 173ನೆಯ ವಾಯುಗಾಮಿ ಬ್ರಿಗೇಡಿನ ಒಂದು ತುಕಡಿ ಹದಿನೈದು ತಿಂಗಳ ಅವಧಿಗೆಂದು ಅಲ್ಲಿಗೆ ಬಂದಿತ್ತು. ಬಂದ ಕೆಲವು ವಾರಗಳಲ್ಲಿಯೇ, 2007ರ ಜುಲೈನಲ್ಲಿ, ಆ ತುಕಡಿಯ ವೈದ್ಯಸಹಾಯಕ ಹುವಾನ್ ರೆಸ್ಟ್ರೆಪೋ ಎಂಬ ತರುಣನು ಕುತ್ತಿಗೆಗೆ ಗುಂಡು ತಗುಲಿ ತೀರಿಕೊಂಡನು. ಕೊಲಂಬಿಯದಲ್ಲಿ ಹುಟ್ಟಿದ, ಎಲ್ಲರಿಗೂ ಬೇಕಾಗಿದ್ದ, ಇಪ್ಪತ್ತು ವರ್ಷದ ಹುಡುಗ. ಗಾಯಾಳುಗಳ ನೆತ್ತರನ್ನು ನಿಲ್ಲಿಸಬೇಕಾಗಿದ್ದವನೇ ನೆತ್ತರು ಸೋರಿ ಸತ್ತನು. ಗೆಳೆಯರು ರಾತ್ರಿಯ ಕತ್ತಲಲ್ಲಿ ಗುದ್ದಲಿ ಪಿಕಾಸಿಗಳಿಂದ ಬಂಡೆಯನ್ನು ಕಡಿದು, ಹಗಲಿನಲ್ಲಿ ಗುಂಡಿನ ಮಳೆಯನ್ನು ಸಹಿಸಿ, ಹೊಸ ಕಾವಲು ಠಾಣೆಯೊಂದನ್ನು ಕಟ್ಟಿ ಅದಕ್ಕೆ ಅವನ ಹೆಸರನ್ನಿಟ್ಟರು. ಕಾದು ಮಡಿದವನಿಗೆ ವೀರಗಲ್ಲು ನೆಟ್ಟ ನಾಡಿನವರಿಗೆ ಈ ಭಾವ ಹೊಸದಲ್ಲ.

ಆ ಠಾಣೆಯಲ್ಲಿ ಹದಿನೈದು ಇಪ್ಪತ್ತು ಜನರ ವಾಸ. ನೀರಿನ ಕೊಳಾಯಿಯಿಲ್ಲ, ಬಿಸಿ ಅಡಿಗೆಯಿಲ್ಲ, ಮನೆಗೆ ಮಾತನಾಡಲು ಫೋನಿಲ್ಲ. ದಿನಕ್ಕೆ ಹಲವು ಬಾರಿ ಗುಂಡಿನ ಕಾಳಗ ನಡೆದದ್ದೂ ಉಂಟು. ಹೆದರಿಂಗ್‌ಟನ್ ಮತ್ತು ಜುಂಗರ್ ಒಂದು ವರ್ಷದಲ್ಲಿ ಮತ್ತೆ ಮತ್ತೆ ಅಲ್ಲಿಗೆ ಹೋಗಿ ವಾರಗಟ್ಟಲೆ ತಂಗಿದರು. ಅಕ್ಟೋಬರ್ ತಿಂಗಳ ಒಂದು ದೊಡ್ಡ ಕಾರ್ಯಾಚರಣೆಯ ಸಮಯದಲ್ಲಿ ಬೆಟ್ಟದ ಮೇಲೆ ಬಿದ್ದು ಹೆದರಿಂಗ್‌ಟನ್‌ನ ಕಾಲಿನ ಮೂಳೆ ಮುರಿಯಿತು. ತಾನು ನಿಂತರೆ ಇಡೀ ತಂಡ ನಿಲ್ಲಬೇಕು; ನಿಂತ ತಂಡವು ಬೆಳಕು ಹರಿಯುವ ಹೊತ್ತಿಗೆ ಶತ್ರುಗಳಿಗೆ ಗುರಿಯಾಗುವುದು. ಅದನ್ನರಿತು ಆತನು ಮುರಿದ ಕಾಲಿನಲ್ಲಿಯೇ ಇರುಳೆಲ್ಲ ಬೆಟ್ಟವಿಳಿದನು. ಹೊರಗಿನವನೆಂದು ಆತನನ್ನು ನೋಡುತ್ತಿದ್ದ ಸಿಪಾಯಿಗಳು ಅಂದಿನಿಂದ ತಮ್ಮವನೆಂದು ಬಗೆದರು.

2007ರ ಸೆಪ್ಟೆಂಬರ್ 16ರಂದು ಆತನು ತೆಗೆದ ಒಂದು ಚಿತ್ರ, ಆಮ್‌ಸ್ಟರ್‌ಡಾಮಿನ ವರ್ಲ್ಡ್ ಪ್ರೆಸ್ ಫೋಟೋ ಸಂಸ್ಥೆಯ ತೀರ್ಪಿನಲ್ಲಿ ಆ ವರ್ಷದ ಸರ್ವಶ್ರೇಷ್ಠ ಪತ್ರಿಕಾ ಚಿತ್ರವೆಂಬ ಗೌರವಕ್ಕೆ ಪಾತ್ರವಾಯಿತು. ಅದರಲ್ಲಿ ಸ್ಫೋಟವಿಲ್ಲ, ಶವವಿಲ್ಲ, ಧ್ವಜವಿಲ್ಲ. ದಿನದ ಕೊನೆಯಲ್ಲಿ ಮಣ್ಣಿನ ಒಡ್ಡಿಗೆ ಒರಗಿದ ಸಿಪಾಯಿಯೊಬ್ಬನು ಕೈಯಿಂದ ಮುಖವನ್ನು ಒರೆಸಿಕೊಳ್ಳುತ್ತಿದ್ದಾನೆ. ಬೆಳಕು ಸಾಲದೆ ಚಿತ್ರ ತುಸು ಮಸುಕಾಗಿದೆ. ಆ ಮಸುಕಿನಲ್ಲಿ ಕಾಣುವುದು ಆಯಾಸ ಮಾತ್ರ: ಒಬ್ಬ ಮನುಷ್ಯನ ಆಯಾಸ, ಅವನನ್ನು ಕಳುಹಿಸಿದ ದೇಶದ ಆಯಾಸ. ಮಲಗಿದ ಯೋಧರ ಚಿತ್ರಗಳನ್ನು ಆತನು ಇನ್ನೊಂದು ಬಗೆಯಲ್ಲಿ ಬಳಸಿದನು. ಮೂರು ಪರದೆಗಳ ಮೇಲೆ ನಿದ್ರಿಸುವ ಮುಖಗಳನ್ನೂ ಯುದ್ಧದ ದೃಶ್ಯಗಳನ್ನೂ ಒಂದರ ಮೇಲೊಂದು ಹಾಯಿಸಿ, ಮಲಗಿದವರ ಕನಸನ್ನೇ ನೋಡುತ್ತಿದ್ದೇವೋ ಎಂಬಂತೆ ಮಾಡಿದನು.

'ರೆಸ್ಟ್ರೆಪೋ' ಸಾಕ್ಷ್ಯಚಿತ್ರ

ಸುಮಾರು 150 ಗಂಟೆಗಳ ಚಿತ್ರಣವನ್ನು ಸೋಸಿ, ತಮ್ಮ ಕೈಯ ಹಣವನ್ನೇ ಸುರಿದು, ಗೆಳೆಯರಿಬ್ಬರೂ ಒಂದೂವರೆ ಗಂಟೆಯ ಸಾಕ್ಷ್ಯಚಿತ್ರವನ್ನು ಸಿದ್ಧಪಡಿಸಿದರು. ಅದಕ್ಕೆ ಸತ್ತವನ ಹೆಸರನ್ನೇ ಇಟ್ಟರು: 'ರೆಸ್ಟ್ರೆಪೋ'. ಚಿತ್ರದ ಮೊದಲಿಗೆ ಆ ಹುಡುಗನೇ ಇಟಲಿಯ ರೈಲೊಂದರಲ್ಲಿ ಗೆಳೆಯರೊಡನೆ ನಗುತ್ತ ಹರಟುತ್ತಾನೆ. ಯುದ್ಧಕ್ಕೆ ಹೊರಡಲು ಆಗ ಕೆಲವೇ ದಿನಗಳಿದ್ದವು. ಚಿತ್ರದಲ್ಲಿ ನಿರೂಪಕನ ಧ್ವನಿಯಿಲ್ಲ. ಸೇನಾಪತಿಗಳ ಭಾಷಣವಿಲ್ಲ, ರಾಜಕಾರಣಿಗಳ ಸಮರ್ಥನೆಯಿಲ್ಲ. ಸಿಪಾಯಿಗಳು ನೋಡಿದಷ್ಟನ್ನೇ ಪ್ರೇಕ್ಷಕರೂ ನೋಡಬೇಕು.

ಅದರಲ್ಲಿ ಒಂದು ಹಸುವಿನ ಪ್ರಸಂಗ ಬರುತ್ತದೆ. ಊರಿನವರ ಹಸುವೊಂದು ಠಾಣೆಯ ಮುಳ್ಳುತಂತಿಯಲ್ಲಿ ಸಿಕ್ಕಿಕೊಂಡಿತು. ಸಿಪಾಯಿಗಳು ಅದನ್ನು ಕೊಂದರು. ಹಳ್ಳಿಯ ಹಿರಿಯರು ಬಂದು ನಗದು ಪರಿಹಾರ ಕೇಳಿದರು. ನಗದು ಕೊಡಲು ಮೇಲಿನವರ ಒಪ್ಪಿಗೆ ದೊರೆಯಲಿಲ್ಲ. ಹಸುವಿನ ತೂಕಕ್ಕೆ ಸಮನಾದ ಅಕ್ಕಿ, ಬೇಳೆ, ಸಕ್ಕರೆ ಕೊಡುತ್ತೇವೆಂಬ ಉತ್ತರ ಬಂದಿತು. ಆ ಉತ್ತರವನ್ನು ಕೇಳಿದ ಮುದುಕರ ಮುಖಗಳನ್ನು ಕ್ಯಾಮೆರಾ ತೋರಿಸುತ್ತದೆ. ಸಾಕಿದ ಹಸು ತೂಕದ ಲೆಕ್ಕವಲ್ಲವೆಂದು ಬಲ್ಲ ಯಾವ ಮನೆಯವರಿಗೂ ಆ ಯುದ್ಧ ಏಕೆ ಗೆಲ್ಲಲಿಲ್ಲವೆಂಬುದರ ಒಂದು ಎಳೆ ಅಲ್ಲಿಯೇ ಸಿಕ್ಕೀತು.

ಅವಧಿ ಮುಗಿಸಿ ಇಟಲಿಯ ತಮ್ಮ ನೆಲೆಗೆ ಬಂದ ಮೇಲೆ ಸಿಪಾಯಿಗಳು ಒಬ್ಬೊಬ್ಬರಾಗಿ ಕ್ಯಾಮೆರಾದೆದುರು ಕುಳಿತು ಮಾತನಾಡುತ್ತಾರೆ. ಅವರಲ್ಲೊಬ್ಬನು ಮುಖದ ಮೇಲೆ ನಗುವನ್ನಿಟ್ಟುಕೊಂಡೇ, ಎಷ್ಟು ಬಗೆಯ ಮಾತ್ರೆ ನುಂಗಿದರೂ ನಿದ್ರೆ ಬಾರದೆಂದೂ, ಕಣ್ಣು ಮುಚ್ಚಿ ಅದನ್ನೆಲ್ಲ ಮತ್ತೆ ಕಾಣುವುದಕ್ಕಿಂತ ನಿದ್ರೆಯಿಲ್ಲದಿರುವುದೇ ಲೇಸೆಂದೂ ಹೇಳುತ್ತಾನೆ. ಬೆಟ್ಟದ ಮೇಲೆ ಗುಂಡುಗಳ ನಡುವೆ ಮಗುವಿನಂತೆ ಮಲಗುತ್ತಿದ್ದವರಿಗೆ ಮೆತ್ತನೆಯ ಹಾಸಿಗೆಯಲ್ಲಿ ನಿದ್ರೆಯಿಲ್ಲ!

2010ರಲ್ಲಿ ಈ ಚಿತ್ರಕ್ಕೆ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಸಾಕ್ಷ್ಯಚಿತ್ರ ವಿಭಾಗದ ಅತ್ಯುನ್ನತ ಬಹುಮಾನ ಬಂದಿತು; ಮರುವರ್ಷ ಆಸ್ಕರ್ ಪಾರಿತೋಷಕದ ಅಂತಿಮ ಪಟ್ಟಿಯಲ್ಲಿ ಹೆಸರು ಸೇರಿತು. ಆಕ್ಷೇಪಗಳೂ ಬಂದವು. ಯುದ್ಧ ಸರಿಯೋ ತಪ್ಪೋ ಎಂದು ಚಿತ್ರ ಹೇಳುವುದಿಲ್ಲ. ಎದುರು ಬೆಟ್ಟದವರ ಮನಸ್ಸನ್ನು ತೋರುವುದಿಲ್ಲ ಎಂದರು. ಆಕ್ಷೇಪದಲ್ಲಿ ಸತ್ಯವಿಲ್ಲದಿಲ್ಲ. ಆದರೆ ಎಲ್ಲವನ್ನೂ ಹೇಳಹೊರಟ ಚಿತ್ರಗಳು ಬಹಳ ಬಂದಿವೆ. ಒಂದನ್ನು ಪೂರ್ತಿಯಾಗಿ ತೋರಿಸಿದ ಚಿತ್ರಗಳು ಕಡಿಮೆ. ಚಿತ್ರ ಬಿಡುಗಡೆಯಾಗುವ ಮುನ್ನವೇ, 2010ರ ಏಪ್ರಿಲ್‌ನಲ್ಲಿ, ಅಮೆರಿಕದ ಸೇನೆ ಕೊರೆಂಗಲ್ ಕಣಿವೆಯನ್ನು ಬಿಟ್ಟು ಹೊರಟಿತು. ಆ ಕಿರಿದಾದ ಕಣಿವೆಯಲ್ಲಿ ಸುಮಾರು ಐವತ್ತು ಮಂದಿ ಅಮೆರಿಕನ್ ಸಿಪಾಯಿಗಳು ಪ್ರಾಣ ತೆತ್ತಿದ್ದರು. 2021ರಲ್ಲಿ ಇಡೀ ಅಫಘಾನಿಸ್ತಾನವನ್ನೇ ಅವರು ತೊರೆದರು.

ವರವಿಲ್ಲದ ಸಂಜಯರು

ಕುರುಕ್ಷೇತ್ರದ ಸುದ್ದಿಯನ್ನು ಕುರುಡು ಅರಸನಿಗೆ ಹೇಳಿದ ಸಂಜಯನಿಗೆ ವ್ಯಾಸರು ದಿವ್ಯದೃಷ್ಟಿಯೊಂದನ್ನೇ ಕೊಡಲಿಲ್ಲ. ಯಾವ ಆಯುಧವೂ ಅವನನ್ನು ತಾಗದು, ಯಾವ ಆಯಾಸವೂ ಅವನನ್ನು ಬಾಧಿಸದು ಎಂಬ ವರವನ್ನೂ ಕೊಟ್ಟರು. ಆ ಪುರಾತನ ವರ ಇಂದಿನ ಯುದ್ಧವಾರ್ತಾಗಾರರಿಗೆ ಇಲ್ಲ. ದೊಡ್ಡ ಪತ್ರಿಕೆಗಳ ಸಂಬಳದ ನೌಕರರಿಗಾದರೂ ಕವಚ, ವಿಮೆ, ತರಬೇತಿ ದೊರೆಯಬಹುದು. ತಮ್ಮ ಖರ್ಚಿನಲ್ಲಿಯೇ ಹೋಗಿ, ತೆಗೆದ ಚಿತ್ರವನ್ನು ಆಮೇಲೆ ಮಾರಿಕೊಳ್ಳುವ ಸ್ವತಂತ್ರ ವೃತ್ತಿಯವರಿಗೆ ಎಷ್ಟೋ ವೇಳೆ ಇವೊಂದೂ ಇರುವುದಿಲ್ಲ. ಯುದ್ಧದ ಅತ್ಯಂತ ಸಮೀಪದ ಚಿತ್ರಗಳು ಬರುವುದು ಮಾತ್ರ ಬಹುಮಟ್ಟಿಗೆ ಇಂಥವರಿಂದಲೇ.

2011ರಲ್ಲಿ ಲಿಬಿಯದಲ್ಲಿ ಗಡಾಫಿಯ ಆಳ್ವಿಕೆಯ ವಿರುದ್ಧ ದಂಗೆಯೆದ್ದಿತು. ಫೆಬ್ರವರಿಯ ಕೊನೆಯಲ್ಲಿ ಆಸ್ಕರ್ ಸಮಾರಂಭದ ಕೆಂಪು ಹಾಸಿನ ಮೇಲೆ ನಡೆದ ಹೆದರಿಂಗ್‌ಟನ್, ಏಪ್ರಿಲ್‌ನಲ್ಲಿ ಬೆಂಘಾಜಿಯಿಂದ ಹಡಗೇರಿ ಮಿಸ್ರಾತ ನಗರವನ್ನು ಸೇರಿದನು. ಮೂರು ಕಡೆ ಸೈನ್ಯ, ಒಂದು ಕಡೆ ಸಮುದ್ರ; ಒಳಗೆ ಸಿಕ್ಕಿಬಿದ್ದ ಜನ. ಏಪ್ರಿಲ್ 20ರಂದು ತ್ರಿಪೋಲಿ ಬೀದಿಯಲ್ಲಿ ಮನೆಯಿಂದ ಮನೆಗೆ ಕಾಳಗ ನಡೆಯುತ್ತಿತ್ತು. ಛಾಯಾಗ್ರಾಹಕರ ಒಂದು ಗುಂಪು ಬಂಡಾಯಗಾರರ ಜೊತೆಯಲ್ಲಿತ್ತು. ಮಧ್ಯಾಹ್ನದ ಮೇಲೆ ಹಠಾತ್ತಾಗಿ ಬಂದು ಬಿದ್ದ ಸ್ಫೋಟಕ ಅವರ ನಡುವೆ ಸಿಡಿಯಿತು. ಅಮೆರಿಕದ ಹೆಸರಾಂತ ಛಾಯಾಗ್ರಾಹಕ ಕ್ರಿಸ್ ಹಾಂಡ್ರೋಸನು ತಲೆಗೆ ಪೆಟ್ಟಾಗಿ ಕೆಲವು ಗಂಟೆಗಳ ಮೇಲೆ ತೀರಿಕೊಂಡನು, ಇನ್ನಿಬ್ಬರು ಗಾಯಗೊಂಡರು. ಹೆದರಿಂಗ್‌ಟನ್‌ಗೆ ಲೋಹದ ಚೂರೊಂದು ತೊಡೆಯ ಸಂದಿಯಲ್ಲಿ ನಾಟಿತು. ಆತನನ್ನು ವಾಹನದ ಹಿಂಬದಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಯ ಕಡೆಗೆ ಓಡಿಸಿದರು. ಗೆಳೆಯನೊಬ್ಬನು ಕೈ ಹಿಡಿದು, ಎಚ್ಚರ ತಪ್ಪದಂತೆ ಮಾತನಾಡಿಸುತ್ತಿದ್ದನು. ಆಸ್ಪತ್ರೆ ಬರುವ ಹೊತ್ತಿಗೆ ಮೈಯ ನೆತ್ತರೆಲ್ಲ ಸೋರಿಹೋಗಿತ್ತು. ಆಗ ಆತನಿಗೆ ನಾಲ್ವತ್ತು ವರ್ಷ.

ಜುಂಗರನು ಆ ಪ್ರಯಾಣದಲ್ಲಿ ಜೊತೆಗಿರಬೇಕಾಗಿತ್ತು. ಮನೆಯ ಕಾರಣದಿಂದ ಕೊನೆಯ ಗಳಿಗೆಯಲ್ಲಿ ಉಳಿದಿದ್ದನು. ಗೆಳೆಯನ ಸ್ಮರಣೆಯ ಸಭೆಯಲ್ಲಿ, ಯುದ್ಧಭೂಮಿಯ ವೈದ್ಯಸಹಾಯಕನೊಬ್ಬನು ಆತನಿಗೆ ಒಂದು ಮಾತು ತಿಳಿಸಿದನು: ಪಕ್ಕದಲ್ಲಿದ್ದವರಿಗೆ ನೆತ್ತರನ್ನು ತಡೆಯುವ ಕ್ರಮ ಗೊತ್ತಿದ್ದರೆ, ಟಿಮ್ ಬದುಕಿ ಆಸ್ಪತ್ರೆ ಸೇರುವ ಸಂಭವವಿತ್ತು. ತೊಡೆಯ ದೊಡ್ಡ ರಕ್ತನಾಳ ತುಂಡಾದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ. ಕೈಯಲ್ಲಿಯೋ ಕಾಲಿನಲ್ಲಿಯೋ ಆದ ಗಾಯಕ್ಕೆ ಮೇಲ್ಗಡೆ ಬಿಗಿಯಾದ ಪಟ್ಟಿ ಕಟ್ಟಬಹುದು. ಸಂದಿಯ ಗಾಯಕ್ಕೆ ಪಟ್ಟಿ ನಿಲ್ಲದು. ಗಾಯದೊಳಕ್ಕೆ ಬಟ್ಟೆಯನ್ನು ತುರುಕಿ, ಮೈಯ ಭಾರವನ್ನೆಲ್ಲ ಹಾಕಿ, ಕೈ ತೆಗೆಯದೆ ಒತ್ತಿ ಹಿಡಿಯಬೇಕು. ಕ್ರಮ ಇಷ್ಟೇ; ಆದರೆ ಮೊದಲೇ ಕಲಿಯದವನಿಗೆ ಆ ಗಳಿಗೆಯಲ್ಲಿ ತೋಚುವುದಿಲ್ಲ. ವಾಹನದಲ್ಲಿ ಹಿಡಿದ ಕೈಗಳಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಆ ವಿದ್ಯೆಯನ್ನು ಅವರಿಗೆ ಯಾರೂ ಕಲಿಸಿರಲಿಲ್ಲ, ಅಷ್ಟೆ.

ಜುಂಗರನು ಶೋಕದಲ್ಲಿ ಕುಳಿತುಬಿಡಲಿಲ್ಲ. ತಾನು ಯುದ್ಧರಂಗದ ವೃತ್ತಿಯನ್ನು ತೊರೆದನು. 2012ರಲ್ಲಿ, ಸ್ವತಂತ್ರ ಪತ್ರಿಕೋದ್ಯೋಗಿಗಳಿಗೆ ರಣರಂಗದ ಪ್ರಥಮ ಚಿಕಿತ್ಸೆಯನ್ನು ಶುಲ್ಕವಿಲ್ಲದೆ ಕಲಿಸುವ ಸಂಸ್ಥೆಯೊಂದನ್ನು ಆರಂಭಿಸಿದನು. ಅದರ ಹೆಸರು 'ರಿಸ್ಕ್'. ಸಂಗಡಿಗರನ್ನು ಉಳಿಸಲು ತರಬೇತಿ ಪಡೆದ ವರದಿಗಾರರು ಎಂಬ ಅರ್ಥದ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳು ಸೇರಿ ಆದ ಹೆಸರದು. ನ್ಯೂಯಾರ್ಕಿನಲ್ಲಿ ಮೊದಲ ತರಗತಿ ನಡೆಯಿತು. ಆಮೇಲೆ ಬೇರೆ ದೇಶಗಳಿಗೂ ಹಬ್ಬಿತು. ನಾಲ್ಕು ದಿನಗಳ ಪಾಠ, ಕೊನೆಯಲ್ಲಿ ಕೈಗೊಂದು ಚಿಕಿತ್ಸಾ ಪೆಟ್ಟಿಗೆ. ಗೆಳೆಯನ ಬಾಳಿನ ಕಥೆಯನ್ನು ಜುಂಗರನು 2013ರಲ್ಲಿ ಒಂದು ಸಾಕ್ಷ್ಯಚಿತ್ರವಾಗಿಯೂ ನಿರ್ಮಿಸಿದನು. ಲೈಬೀರಿಯದ ವೈದ್ಯನನ್ನು ಉಳಿಸಿದ ಆ ದೃಶ್ಯ ಅದರಲ್ಲಿದೆ. ಒಬ್ಬ ವೈದ್ಯನ ಪ್ರಾಣಕ್ಕಾಗಿ ಪಿಸ್ತೂಲಿನೆದುರು ಕೈ ಚಾಚಿದವನು, ಇನ್ನೊಬ್ಬ ವೈದ್ಯಸಹಾಯಕನ ಹೆಸರನ್ನು ಲೋಕಕ್ಕೆಲ್ಲ ಸಾರಿದವನು, ಕೊನೆಗೆ ಅಂಥವನೊಬ್ಬನು ಬಳಿಯಲ್ಲಿಲ್ಲದೆ ಸತ್ತನು. ಆತನ ಹೆಸರಿನಲ್ಲಿ ನೂರಾರು ಜನರು ಆ ವಿದ್ಯೆಯನ್ನು ಕಲಿತಿದ್ದಾರೆ.

ಅಪಾಯ ಅಲ್ಲಿಗೆ ಮುಗಿಯಲಿಲ್ಲ. ಸಿರಿಯ, ಉಕ್ರೇನ್, ಗಾಜಾ ಎಂದು ಸಾವುಗಳ ಪಟ್ಟಿ ಬೆಳೆಯುತ್ತಲೇ ಬಂದಿದೆ. 2021ರ ಜುಲೈನಲ್ಲಿ ಭಾರತದ ಛಾಯಾಗ್ರಾಹಕ, ಪುಲಿಟ್ಜರ್ ಪಾರಿತೋಷಕ ಪಡೆದ ದಾನಿಶ್ ಸಿದ್ದಿಕಿಯು ಅಫಘಾನಿಸ್ತಾನದ ಸ್ಪಿನ್ ಬೋಲ್ಡಕ್ ಎಂಬಲ್ಲಿ ಹತನಾದನು. ಬೆಳಗಿನ ಕಾಫಿಯ ಜೊತೆಗೆ ಪತ್ರಿಕೆಯನ್ನು ಬಿಡಿಸಿದಾಗ ದೂರದ ಯುದ್ಧದ ಚಿತ್ರವೊಂದು ಕಣ್ಣಿಗೆ ಬೀಳುತ್ತದೆ, ಪುಟ ತಿರುವುತ್ತೇವೆ. ಚಿತ್ರದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಅಚ್ಚಾದ ಹೆಸರನ್ನು ಓದುವವರು ಎಷ್ಟು ಮಂದಿ? ಚಿತ್ರ ನಮ್ಮ ಮನೆಗೆ ಬಂದಿದೆಯೆಂದರೆ ಒಬ್ಬ ಮನುಷ್ಯನು ಅಲ್ಲಿ ನಿಂತಿದ್ದನೆಂದು ಅರ್ಥ.

ಹೆದರಿಂಗ್‌ಟನ್ ಬಿಟ್ಟುಹೋದ ಚಿತ್ರಗಳ, ದಿನಚರಿಗಳ, ಚಲನಚಿತ್ರಗಳ ಭಂಡಾರವನ್ನು 2017ರಲ್ಲಿ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿಗೆ ಒಪ್ಪಿಸಲಾಯಿತು. 2024ರಲ್ಲಿ ಅಲ್ಲಿ ಅವುಗಳ ಪ್ರದರ್ಶನವೂ ನಡೆಯಿತು. ಆ ಯುದ್ಧಸಂಗ್ರಹಾಲಯ ಇರುವುದು ಹಿಂದೊಮ್ಮೆ ಬುದ್ಧಿವಿಕಲರ ಆಸ್ಪತ್ರೆಯಾಗಿದ್ದ ಕಟ್ಟಡದಲ್ಲಿ. ಬಾಗಿಲ ಮುಂದೆ ಯುದ್ಧನೌಕೆಗಳ ಎರಡು ಭಾರಿ ತೋಪುಗಳು ಆಕಾಶಕ್ಕೆ ಮುಖ ಮಾಡಿ ನಿಂತಿವೆ. ಶಾಲೆಯ ಮಕ್ಕಳು ಅವುಗಳ ಪಕ್ಕದಲ್ಲಿ ನಿಂತು ಚಿತ್ರ ತೆ­ಗೆಸಿಕೊಳ್ಳುತ್ತಾರೆ. ತೋಪುಗಳನ್ನು ದಾಟಿ ಒಳಗೆ ಹೋದರೆ, ವಿಮಾನಗಳು, ಕ್ಷಿಪಣಿಗಳು, ಟ್ಯಾಂಕುಗಳು. ಅವೆಲ್ಲವುಗಳ ಜೊತೆಗೆ ಆ ಮನೆಯ ಭಂಡಾರದಲ್ಲಿ ಈಗ ಇನ್ನೊಂದು ವಸ್ತುವೂ ಸೇರಿದೆ: ಬೂಟು ಕಳಚಿ, ಮೊಣಕಾಲು ಮಡಿಸಿ, ಬಾಯಿ ತುಸು ತೆರೆದು, ತಾಯಿಯ ಮನೆಯಲ್ಲಿ ಮಲಗಿದಂತೆ ಮಲಗಿರುವ ಹುಡುಗರ ಚಿತ್ರಗಳು.